ಪೈಲಟ್ ಬಂದಿಲ್ಲ

ಹೈದರಾಬಾದಿಗೆ ಹಾರಬೇಕಾದ ವಿಮಾನ ಮೈಸೂರಿನ ಮಂಡಕಳ್ಳಿ ನಿಲ್ದಾಣದಲ್ಲಿ ಬಿಸಿಲು ಕಾಯಿಸುತ್ತಾ ನಿಂತಿತ್ತು, ಹಾರಿಸುವವರು ಇರಲಿಲ್ಲ. ಅದನ್ನು ತಂದ ಪೈಲಟ್‌ನ ಡ್ಯೂಟಿ ಮುಗಿದಿದೆ, ಬದಲಿಯವರು ಸಿಗುತ್ತಿಲ್ಲ, ಎಲ್ಲರನ್ನೂ ಬಸ್ಸಿನಲ್ಲಿ ಬೆಂಗಳೂರಿಗೆ ಕಳಿಸಿ ಅಲ್ಲಿಂದ ಸಂಜೆಯ ವಿಮಾನ ಹತ್ತಿಸುತ್ತೇವೆ ಎಂದು ಕಂಪನಿಯವರು ಹೇಳಿದ ಮೇಲೆ ಜನ ಗೊಣಗುತ್ತಾ ಹೊರಗೆ ಬಂದರು. ಮಗಳನ್ನು ಬಿಡಲು ಕೆಸರೆಯಿಂದ ಸ್ಕೂಟರಿನಲ್ಲಿ ಬಂದಿದ್ದ ಪೌಲರಾಜ್ ಇನ್ನೂ ಅಲ್ಲೇ ಇದ್ದರು.

ಮಗಳು ಫ್ಲೇವಿಯಾ ಪೆಟ್ಟಿಗೆ ಎಳೆದುಕೊಂಡು ಬಂದು, ನಗಬೇಕೋ ಅಳಬೇಕೋ ತಿಳಿಯದೆ ಅಪ್ಪನ ಪಕ್ಕ ನಿಂತಳು. ಅವಳು ಹೊರಟಿದ್ದದ್ದು ಮಾರನೆಯ ಬೆಳಿಗ್ಗೆ ಹೈದರಾಬಾದಿನಲ್ಲಿದ್ದ ಸಂದರ್ಶನಕ್ಕೆ. ಪೈಲಟ್ ಕೆಲಸದ ಸಂದರ್ಶನ. ಲೈಸೆನ್ಸ್ ಪಡೆದು ಎರಡು ವರ್ಷ ಕಾದ ಮೇಲೆ ಕರೆ ಬಂದಿತ್ತು. ಕರೆದಿದ್ದ ಕಂಪನಿಯೂ ಇದೇ.

ಪಕ್ಕದಲ್ಲಿ ಯಾದವಗಿರಿಯ ಕೃಷ್ಣಸ್ವಾಮಿ, ಅರ್ಥಶಾಸ್ತ್ರದ ನಿವೃತ್ತ ಪ್ರೊಫೆಸರು, ಸುತ್ತ ನಿಂತವರಿಗೆ ಪಾಠ ಶುರುಮಾಡಿದ್ದರು. ದೇಶದಲ್ಲಿ ಪೈಲಟ್‌ಗಳ ಕೊರತೆ ವಿಪರೀತವಾಗಿದೆ, ವಿಮಾನ ಕೊಂಡವರು ಹಾರಿಸುವವರನ್ನು ಮರೆತುಬಿಟ್ಟಿದ್ದಾರೆ. ಕೂತು ಮಾಡುವ ಕೆಲಸಕ್ಕೆ ಇಷ್ಟೊಂದು ವಿಶ್ರಾಂತಿ ಯಾಕೆ? ನಿವೃತ್ತಿ ವಯಸ್ಸನ್ನು ಎಪ್ಪತ್ತಕ್ಕೆ ಏರಿಸಿದರೆ ಒಂದೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ.

ಪೌಲರಾಜ್‌ಗೆ ಸುಮ್ಮನಿರಲಾಗಲಿಲ್ಲ. "ಕೊರತೆ ಎಲ್ಲದೆ ಸಾರ್? ನನ್ ಮಗಳೂ ಪೈಲಟ್ಟೇ. ಎರಡು ವರ್ಷದಿಂದ ಮನೇಲಿ ಕೂತವ್ಳೆ."

ಇಡೀ ಗುಂಪು ಫ್ಲೇವಿಯಾಳತ್ತ ತಿರುಗಿತು. ಒಬ್ಬ ಹೆಂಗಸಂತೂ, ವಿಮಾನ ಇಲ್ಲೇ ಇದೆಯಲ್ಲಮ್ಮ, ನೀನೇ ಓಡಿಸಿಬಿಡಬಾರದೇ ಎಂದು ನಿಜವಾಗಿಯೂ ಕೇಳಿದರು. ಫ್ಲೇವಿಯಾಳ ಮುಖ ಕೆಂಪಾಯಿತು. ತಾನು ಹಾರಿಸಿರುವುದು ಸಣ್ಣ ವಿಮಾನ, ಇಂಥ ದೊಡ್ಡದಕ್ಕೆ ಬೇರೆ ತರಬೇತಿ ಬೇಕು, ಕಂಪನಿಗಳಿಗೆ ಸಾಲದೆ ಬಂದಿರುವುದು ಅನುಭವಸ್ಥ ಕ್ಯಾಪ್ಟನ್‌ಗಳು, ತನ್ನಂಥ ಹೊಸಬರು ಬೇಕಾದಷ್ಟಿದ್ದಾರೆ ಎಂದು ತಗ್ಗಿದ ದನಿಯಲ್ಲಿ ವಿವರಿಸಿದಳು.

"ಅಲ್ಲಿಗೆ ಕೊರತೆ ಇದೆ ಅಂತಾಯ್ತು," ಎಂದರು ಕೃಷ್ಣಸ್ವಾಮಿ.

"ಅಲ್ಲಿಗೆ ಇಲ್ಲ ಅಂತಾಯ್ತು," ಎಂದರು ಪೌಲರಾಜ್.

ವಾದ ಇನ್ನೂ ಬಿಸಿಯೇರುತ್ತಿತ್ತೋ ಏನೋ, ಅಷ್ಟರಲ್ಲಿ ಬಸ್ಸು ಬಂತು. ಇಳಿದ ಡ್ರೈವರ್ ಮಂಟೇಸ್ವಾಮಿಯ ಕಣ್ಣುಗಳು ಕೆಂಡವಾಗಿದ್ದವು. ರಾತ್ರಿಯೆಲ್ಲ ತಿರುಪತಿಯಿಂದ ಓಡಿಸಿಕೊಂಡು ಬಂದವನನ್ನು ಮಾಲೀಕರು ಮುಖ ತೊಳೆಯಲೂ ಬಿಡದೆ ಇಲ್ಲಿಗೆ ಅಟ್ಟಿದ್ದರು. ಇನ್ನು ಸ್ಟೀರಿಂಗ್ ಮುಟ್ಟಿದರೆ ನಿಮ್ಮನ್ನೆಲ್ಲ ಹಳ್ಳಕ್ಕೆ ಹಾಕುತ್ತೇನೆ, ಆಮೇಲೆ ನನ್ನನ್ನು ಕೇಳಬೇಡಿ ಎಂದವನೇ ಹತ್ತಿ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿಬಿಟ್ಟ. ಮಾಲೀಕರಿಗೆ ಫೋನ್ ಹೋಯಿತು. ಡ್ರೈವರ್‌ಗಳು ಎಲ್ಲಿ ಸಿಗ್ತಾರೆ ಸ್ವಾಮಿ, ನಾನು ಎಲ್ಲಿಂದ ಹುಡುಕಿ ತರಲಿ ಎಂದು ಅವರು ಕೈಚೆಲ್ಲಿದರು.

ಫ್ಲೇವಿಯಾ ಪೆಟ್ಟಿಗೆಯ ಹಿಡಿಯನ್ನು ಮೇಲೆಳೆಯುತ್ತಾ ಒಳಗೆ ತಳ್ಳುತ್ತಾ ನಿಂತಿದ್ದಳು. ಪೌಲರಾಜ್ ಅದನ್ನು ನೋಡಿದರು. ನೋಡಿ, ಫೋನನ್ನು ಇಲ್ಲಿ ಕೊಡಿ ಎಂದು ಕೈ ಚಾಚಿದರು. ಅವರು ಜೀವಮಾನವೆಲ್ಲ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಇನ್ನು ಇದ್ಯಾಕೆ ಎಂದು ಹೆಂಡತಿ ಅಂತೋಣಿಯಮ್ಮ ಬೈದರೂ ಆರ್‌ಟಿಒ ಕಚೇರಿಗೆ ಅಲೆದು ಹೆವಿ ಲೈಸೆನ್ಸನ್ನು ಜೀವಂತವಾಗಿ ಇಟ್ಟುಕೊಂಡಿದ್ದರು. ಮಾಲೀಕರು ಲೈಸೆನ್ಸಿನ ಫೋಟೊ ತರಿಸಿಕೊಂಡು ನೋಡಿ, ಒಂದೇ ಉಸಿರಿಗೆ ಒಪ್ಪಿದರು.

ಒಪ್ಪದವರು ಕೃಷ್ಣಸ್ವಾಮಿ. "ವಯಸ್ಸೆಷ್ಟು ನಿಮಗೆ?"

"ಅರವತ್ನಾಲ್ಕು ಸಾರ್."

"ಅರವತ್ನಾಲ್ಕೇ? ಕಣ್ಣು ಸರಿಯಾಗಿ ಕಾಣುತ್ತೇನ್ರೀ?"

"ಪೈಲಟ್‌ಗೆ ಎಪ್ಪತ್ತಾದ್ರೂ ಪರವಾಗಿಲ್ಲ ಅಂದ್ರಲ್ಲ ಸಾರ್."

"ಅದು ಪಾಲಿಸಿ ವಿಷಯ ಕಣ್ರೀ. ಇದು ನಾನು ಕೂತ್ಕೊಳ್ಳೋ ಬಸ್ಸು."

ಆದರೂ ಹತ್ತಿದರು. ಡ್ರೈವರ್ ಸೀಟಿನ ಹಿಂದೆಯೇ ಕೂತು, ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಶ್ರೀರಂಗಪಟ್ಟಣ ದಾಟುವವರೆಗೂ ನಿಧಾನ ನಿಧಾನ ಎನ್ನುತ್ತಲೇ ಇದ್ದರು. ಮಂಡ್ಯದ ಹೊತ್ತಿಗೆ ಮಾತು ನಿಂತಿತು. ಮದ್ದೂರಿನಲ್ಲಿ ಗೊರಕೆ ಶುರುವಾಯಿತು. ಪೌಲರಾಜ್ ಹವಾಯಿ ಚಪ್ಪಲಿ ಕಳಚಿಟ್ಟು ಬರಿಗಾಲಲ್ಲಿ ಓಡಿಸುತ್ತಿದ್ದರು. ಪಕ್ಕದ ಕ್ಲೀನರ್ ಸೀಟಿನಲ್ಲಿ ಕೂತ ಮಗಳು ನಾಳೆ ಕೇಳಬಹುದಾದ ಪ್ರಶ್ನೆಗಳಿಗೆ ಒಳಗೊಳಗೇ ಉತ್ತರ ಹೇಳಿಕೊಳ್ಳುತ್ತಾ, ನಡುನಡುವೆ ಅಪ್ಪನ ಕಡೆ ನೋಡುತ್ತಿದ್ದಳು. ಅವರು ಇಷ್ಟು ಖುಷಿಯಾಗಿದ್ದದ್ದನ್ನು ಅವಳು ನೋಡಿ ಬಹಳ ಕಾಲವಾಗಿತ್ತು.

ಸಂಜೆಯ ವಿಮಾನ ಸಿಕ್ಕಿತು. ಪೌಲರಾಜ್ ಬಸ್ಸನ್ನೂ ಮಂಟೇಸ್ವಾಮಿಯನ್ನೂ ಮೈಸೂರಿಗೆ ವಾಪಸ್ ತಂದು ಮಾಲೀಕರಿಗೆ ಒಪ್ಪಿಸಿದರು.

ಸಂದರ್ಶನ ಚೆನ್ನಾಗಿಯೇ ನಡೆಯಿತು. ಎಲ್ಲ ಪ್ರಶ್ನೆಗೂ ಸರಿಯಾದ ಉತ್ತರ ಕೊಟ್ಟಳಂತೆ. ಮೆಚ್ಚಿ, ಚಹಾ ಕೊಟ್ಟು, ಸದ್ಯಕ್ಕೆ ಹೊಸ ಪೈಲಟ್‌ಗಳ ಅಗತ್ಯ ಇಲ್ಲ, ಬೇಕಾದಾಗ ತಿಳಿಸುತ್ತೇವೆ ಎಂದರಂತೆ. ಇದನ್ನು ಅವಳು ಮನೆಗೆ ಬಂದು ಪೆಟ್ಟಿಗೆ ಇಳಿಸುತ್ತಲೇ ಹೇಳಿದಳು. ಪೌಲರಾಜ್ ಸಮಾಧಾನದ ಮಾತಿಗೆ ತಡಕಾಡುತ್ತಿದ್ದಾಗ ಮೇಜಿನ ಮೇಲಿದ್ದ ಅವರ ಫೋನ್ ಹೊಡೆದುಕೊಂಡಿತು. ಹತ್ತಿರವಿದ್ದ ಫ್ಲೇವಿಯಾ ಎತ್ತಿಕೊಂಡು, ಹೂಂ ಹೂಂ ಎಂದು ಪೂರ್ತಿ ಕೇಳಿಸಿಕೊಂಡು, ಫೋನಿಗೆ ಅಂಗೈ ಮುಚ್ಚಿದಳು.

"ಅಪ್ಪ, ಬಸ್ಸಿನ ಮಾಲೀಕರು. ನಾಳೆಯಿಂದಾನೇ ಬರ್ಬೇಕಂತೆ ನೀವು," ಎಂದಳು. "ಸಂದರ್ಶನ ಏನೂ ಬೇಡ್ವಂತೆ."