ಬಾಸ್ಟನ್ನಿನ ಗಡ್ಡ

ಡೂಲಿ ಕುರ್ಚಿಯಲ್ಲಿ ಕೂತು ಕತ್ತು ಚಾಚುತ್ತಿದ್ದಂತೆ ಕ್ಷೌರಿಕ ನುಂಜಿಯೊ ಖುಷಿಯಿಂದ ಕತ್ತಿ ಮಸೆಯತೊಡಗಿದ. ತನ್ನೂರಿನ ಬ್ಯಾಸ್ಕೆಟ್‌ಬಾಲ್, ಹಾಕಿ ತಂಡಗಳು ಪ್ಲೇಆಫ್‌ ಎಂಬ ಕೊನೆಯ ಸುತ್ತುಗಳಲ್ಲಿ ಸೋಲದೆ ಇರುವವರೆಗೂ ಬೋಳಿಸುವುದಿಲ್ಲವೆಂದು ಈ ಬಾಸ್ಟನ್ನಿನವನು ಫಿಲಡೆಲ್ಫಿಯಾದ ಬೀದಿಯಲ್ಲೇ ಗಡ್ಡ ಬಿಟ್ಟು ಮೆರೆಯುತ್ತಿದ್ದ. ನುಂಜಿಯೊನ ಊರಾದ ಫಿಲಡೆಲ್ಫಿಯಾದ ಎರಡು ತಂಡಗಳೂ ಸೋತು ಎಂದೋ ಮನೆ ಸೇರಿದ್ದವು.

“ಕೊನೆಗೂ ಸೋತ್ರಾ ನಿಮ್ಮೋರು?” ಎಂದ ನುಂಜಿಯೊ.

“ಹಾಕಿಯೋರು ಮಾತ್ರ ಕಣೋ. ಬ್ಯಾಸ್ಕೆಟ್‌ಬಾಲ್‌ನೋರು ಇನ್ನೂ ಇದಾರೆ. ಎಡಗೆನ್ನೆ ಹಾಕಿಯೋರದ್ದು, ತೆಗಿ. ಬಲಗೆನ್ನೆ ಮುಟ್ಟಿದ್ರೆ ನೋಡು.”

ನುಂಜಿಯೊ ಕಿವಿಯಿಂದ ಗಲ್ಲದ ನಟ್ಟನಡುವಿನವರೆಗೆ ನುಣ್ಣಗೆ ಬೋಳಿಸಿದ. ಅರೆಗಡ್ಡದ ಡೂಲಿ ಗತ್ತಿನಿಂದ ಬೀದಿಗಿಳಿದ. ಎದುರಂಗಡಿಯ ಮೀನಿನವಳು ತೂಗುತ್ತಿದ್ದ ಮೀನು ಕೈಬಿಟ್ಟು ನಕ್ಕಳು. ಬಸ್ಸಿನವನು ನೋಡಲೆಂದೇ ಬಸ್ಸು ನಿಲ್ಲಿಸಿದ. ಬಾಗಿಲಲ್ಲಿ ನಿಂತಿದ್ದ ನುಂಜಿಯೊ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, ಹುಟ್ಟಿದಾಗಿನಿಂದ ಮೊದಲ ಸಲ, ಬಾಸ್ಟನ್ ಇನ್ನೊಂದು ತಿಂಗಳು ಗೆಲ್ಲಲಿ ದೇವರೇ ಎಂದು ಬೇಡಿಕೊಂಡ.