ಹದಿನಾಲ್ಕು ಸಲ ಓದಿದವಳು

ಗ್ರಂಥಾಲಯದ ಮೇಲಿನ ಮಹಡಿಯಲ್ಲಿ ಲೇಖಕಿಯ ಸಹಿಗಾಗಿ ನಿಂತಿದ್ದ ಸಾಲು ಕರಗಿ, ಕೊನೆಗೆ ಒಬ್ಬ ಹೆಂಗಸು ಉಳಿದಳು. ಐವತ್ತು ದಾಟಿರಬೇಕು. ಎಲ್ಲರೂ ಹೋಗಲಿ ಎಂದೇ ಹಿಂದೆ ಸರಿದು ನಿಂತಿದ್ದಳು. ಮೇಜಿನ ಮೇಲೆ ಎರಡು ಪುಸ್ತಕ ಇಟ್ಟಳು. ಎರಡೂ ಒಂದೇ ಕಾದಂಬರಿ, ಲೇಖಕಿ ಮೂವತ್ತು ವರ್ಷದ ಹಿಂದೆ ಬರೆದದ್ದು. ಒಂದು ಹೊಸ ಮುದ್ರಣ. ಇನ್ನೊಂದರ ಬೆನ್ನಿಗೆ ಬಟ್ಟೆಯ ಪಟ್ಟಿ ಅಂಟಿಸಿತ್ತು. ಹಾಳೆಗಳ ಅಂಚು ಮುಟ್ಟಿ ಮುಟ್ಟಿ ಕಂದಿಹೋಗಿತ್ತು.

"ಹದಿನಾಲ್ಕು ಸಲ ಓದಿದೀನಿ ಮೇಡಂ," ಎಂದಳು. "ನಿಮಗೆ ಹೇಳ್ಲೇಬೇಕು ಅಂತ ಎಷ್ಟು ವರ್ಷದಿಂದ ಕಾಯ್ತಿದ್ದೆ. ನಾನು ಸಂಸಾರ ಅಂತ ಒಂದು ಉಳಿಸ್ಕೊಂಡಿದ್ರೆ ಅದಕ್ಕೆ ನೀವೇ ಕಾರಣ."

ಅರವತ್ತೆಂಟರ ಲೇಖಕಿಗೆ ಇಂಥ ಮಾತು ಹೊಸದಲ್ಲ. ಆದರೂ ಪ್ರತಿ ಸಲವೂ ಹೊಟ್ಟೆ ತಣ್ಣಗಾಗುತ್ತಿತ್ತು. "ಕೂತ್ಕೊಳ್ಳಿ, ಹೇಳಿ," ಎಂದು ಕುರ್ಚಿ ತೋರಿಸಿದಳು.

ಹೆಂಗಸಿನ ಬಲಗೈಯ ಎರಡು ಬೆರಳು ಮಡಚಲು ಬರುತ್ತಿರಲಿಲ್ಲ. ಲೇಖಕಿಯ ಕಣ್ಣು ಅಲ್ಲಿಗೆ ಹೋದದ್ದನ್ನು ಕಂಡು, "ಓ, ಇದಾ? ಬಾಗಿಲ ಸಂದಿಗೆ ಇಟ್ಟು ಒತ್ತಿದ್ರು ನಮ್ಮನೆಯವ್ರು. ಮದುವೆಯಾಗಿ ಎರಡನೇ ವರ್ಷ," ಎಂದಳು, ಬಸ್ಸು ತಡವಾಯಿತು ಎನ್ನುವ ಧಾಟಿಯಲ್ಲಿ. "ಅವತ್ತೇ ಬಟ್ಟೆ ಗಂಟು ಕಟ್ಟಿಟ್ಟಿದ್ದೆ. ಕೈಗೆ ಕಟ್ಟು ಹಾಕಿಸ್ಕೊಳ್ಳೋಕೆ ಆಸ್ಪತ್ರೆಗೆ ಹೋದಾಗ, ಹೊತ್ತು ಹೋಗ್ಲಿ ಅಂತ ಪಕ್ಕದ ಮನೆಯಾಕೆ ನಿಮ್ಮ ಪುಸ್ತಕ ಕೊಟ್ಲು. ಸಂಜೆವರೆಗೂ ಬೆಂಚಿನ ಮೇಲೆ ಕೂತು ಮುಗಿಸ್ದೆ. ಕಥೆ ಕೊನೇಲಿ ಅವಳು ಗಂಡನ ಹತ್ರ ವಾಪಸ್ ಹೋಗ್ತಾಳಲ್ಲ, ಅವನು ಏನೂ ಮಾತಾಡ್ದೆ ಅವಳ ಕಾಲಿಗೆ ಹೊದಿಕೆ ಹೊದಿಸ್ತಾನಲ್ಲ... ಬಿಕ್ಕಿ ಬಿಕ್ಕಿ ಅತ್ತೆ. ಮನೆಗೆ ಬಂದು ಗಂಟು ಬಿಚ್ಚಿದೆ."

"ಆಮೇಲೆ? ಅವರು ಬದಲಾದ್ರಾ?"

"ಬದಲಾಗೋರಿದ್ರು," ಎಂದಳು ಹೆಂಗಸು. "ಅಷ್ಟರಲ್ಲಿ ತೀರ್ಕೊಂಡ್ರು. ಮದುವೆಯಾಗಿ ಇಪ್ಪತ್ತಾರು ವರ್ಷ ಆಗಿತ್ತು ಆಗ."

ಹೆಂಗಸು ಹೊಸ ಪ್ರತಿಯನ್ನು ಮುಂದಕ್ಕೆ ಸರಿಸಿದಳು. "ಇದು ಮಗಳಿಗೆ. ಕೆಳಗೆ ಬಸ್ ಸ್ಟಾಪಲ್ಲಿ ಕೂತಿದ್ದಾಳೆ. ಮುಖ ಊದಿದೆ, ನಾಲ್ಕು ಜನರ ಮುಂದೆ ಬರಲ್ಲ ಅಂತಾಳೆ. ಮದುವೆಯಾಗಿ ಎಂಟು ತಿಂಗಳಿಗೆ ಎರಡು ಸಲ ಬಿಟ್ಟು ಬಂದಾಯ್ತು. ಇವತ್ತು ವಾಪಸ್ ಕಳಿಸ್ತಿದೀನಿ. ಈಗಿನ ಹುಡುಗೀರಿಗೆ ತಾಳ್ಮೆ ಎಲ್ಲಿದೆ ಹೇಳಿ? ಮೊದಲನೇ ಪುಟದಲ್ಲಿ ನಿಮ್ಮ ಕೈಯಾರೆ ಎರಡು ಸಾಲು ಬರೀರಿ, ತಾಳ್ಕೋ ಅಂತ. ನನ್ನ ಮಾತಿಗೆ ಎಲ್ಲಿ ಬೆಲೆ!"

ಲೇಖಕಿ ಪೆನ್ನು ಕೆಳಗಿಟ್ಟಳು. ಮೂವತ್ತು ವರ್ಷ ಯಾರಿಗೂ ಹೇಳದ ಮಾತು ತಾನಾಗಿ ಬಾಯಿಗೆ ಬಂತು. "ನೋಡಿ, ನಾನು ಅದನ್ನ ಹಾಗೆ ಬರೆದಿರಲಿಲ್ಲ. ವಾರಪತ್ರಿಕೇಲಿ ಧಾರಾವಾಹಿಯಾಗಿ ಬರ್ತಿತ್ತು. ನಾನು ಮೊದಲು ಬರೆದದ್ರಲ್ಲಿ ಅವಳು ವಾಪಸ್ ಹೋಗೋದೇ ಇಲ್ಲ. ರೈಲು ಹತ್ತಿ ಹೊರಟುಹೋಗ್ತಾಳೆ. ಓದುಗರು ಮುನಿಸ್ಕೊಳ್ತಾರೆ, ಇಬ್ಬರನ್ನೂ ಸೇರಿಸ್ಬಿಡಿ ಅಂದ್ರು ಸಂಪಾದಕರು. ನನಗೂ ಹೆಸರು ಬೇಕಿತ್ತು. ಒಂದು ಬೆಳಿಗ್ಗೆ ಕೂತು ಊಟದ ಹೊತ್ತಿಗೆ ಬರೆದು ಮುಗಿಸ್ದೆ. ಆ ಹೊದಿಕೆ, ಅವನ ಪಶ್ಚಾತ್ತಾಪ, ಎಲ್ಲ ಸುಳ್ಳು. ನಾನೇ ನಂಬಿರಲಿಲ್ಲ."

ಹೆಂಗಸು ಅವಳನ್ನೇ ದಿಟ್ಟಿಸಿದಳು. ಬೈಯುತ್ತಾಳೆ, ಅಳುತ್ತಾಳೆ ಎಂದು ಲೇಖಕಿ ಕಾದಳು. ಹಾಗೇನೂ ಆಗಲಿಲ್ಲ. ಮಡಚದ ಬೆರಳುಗಳ ಆ ಕೈ ಮೇಜು ದಾಟಿ ಬಂದು ಲೇಖಕಿಯ ಕೈಯನ್ನು ಮೆಲ್ಲಗೆ ತಟ್ಟಿತು.

"ವಯಸ್ಸಾಯ್ತಲ್ಲ ಮೇಡಂ, ಮರೆತಿರ್ತೀರಿ. ಇನ್ನೂರ ಮೂವತ್ತೊಂದನೇ ಪುಟ. ಹೊದಿಸೋಕೆ ಮುಂಚೆ ಅವನು ಕೈ ಒರೆಸ್ಕೊಳ್ತಾನೆ. ಸುಳ್ಳಾಗಿದ್ರೆ ಅಷ್ಟು ಚೆನ್ನಾಗಿ ಬರೆಯೋಕಾಗ್ತಿತ್ತಾ?"

ಆ ಪುಟ ನಿಜಕ್ಕೂ ಚೆನ್ನಾಗಿತ್ತು. ಲೇಖಕಿ ಪೆನ್ನು ಎತ್ತಿಕೊಂಡು ಹೊಸ ಪ್ರತಿಯ ಮೊದಲ ಹಾಳೆಯಲ್ಲಿ ಬರೆದಳು: 'ಮಗಳೇ, ತಾಳಿಕೊಳ್ಳಬೇಡ. ಬಸ್ಸು ಹತ್ತಬೇಡ. ನನ್ನ ಮನೆಗೆ ಬಾ.' ಕೆಳಗೆ ವಿಳಾಸ, ಫೋನ್ ನಂಬರು, ಸಹಿ. ಪುಸ್ತಕ ಮುಚ್ಚಿ ಕೊಟ್ಟಳು. ಹೆಂಗಸು ತೆರೆದು ನೋಡಲಿಲ್ಲ. ಎರಡೂ ಪ್ರತಿಗಳನ್ನು ಎದೆಗವಚಿಕೊಂಡು, "ಇನ್ನೇನು ಬೇಕು ನನಗೆ!" ಎಂದು ಕಣ್ಣೊರೆಸಿಕೊಳ್ಳುತ್ತ ಮೆಟ್ಟಿಲಿಳಿದಳು.

ಲೇಖಕಿ ಎದ್ದು ಕಿಟಕಿಗೆ ಬಂದಳು. ರಸ್ತೆಯಾಚೆ, ಬಸ್ ಸ್ಟಾಪಿನಲ್ಲಿ, ಕಾಲ ಬಳಿ ಸೂಟ್‌ಕೇಸ್ ಇಟ್ಟುಕೊಂಡು ಒಬ್ಬಳು ತಲೆ ತಗ್ಗಿಸಿ ಕೂತಿದ್ದಳು. ತಾಯಿ ಗೇಟಿನ ಬಳಿಯೇ ನಿಂತು ಪುಸ್ತಕ ತೆರೆದಳು. ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ಹೊಲಿಗೆ ಸಡಿಲವಾಗದ ಹಾಗೆ ಪುಸ್ತಕವನ್ನು ಎಡಗೈಯಲ್ಲಿ ಅದುಮಿ ಹಿಡಿದು, ಆ ಹಾಳೆಯನ್ನು ನಿಧಾನವಾಗಿ, ಬುಡದವರೆಗೂ ನೀಟಾಗಿ ಹರಿದಳು. ಎಸೆಯಲಿಲ್ಲ. ನಾಲ್ಕು ಮಡಿಕೆ ಮಾಡಿ ತನ್ನ ಹಳೆಯ ಪ್ರತಿಯೊಳಗೆ ಜೋಪಾನವಾಗಿ ಇಟ್ಟುಕೊಂಡಳು. ರಸ್ತೆ ದಾಟಿ ಹೊಸದನ್ನು ಮಗಳ ಕೈಗಿತ್ತಳು.

ಅದು ತೆರೆಯುವ ಕಿಟಕಿಯಾಗಿರಲಿಲ್ಲ. ಲೇಖಕಿ ಗಾಜು ಬಡಿದಳು. ತಿರುವಿನಲ್ಲಿ ಬಸ್ಸು ಕಾಣಿಸಿತು. ಎರಡೂ ಮುಷ್ಟಿಯಲ್ಲಿ ಬಡಿದಳು. ಸದ್ದಿಗೆ ತಲೆಯೆತ್ತಿದ ತಾಯಿಯ ಮುಖ ಅರಳಿತು. ಮಗಳ ಭುಜ ಮುಟ್ಟಿ, ಅಗೋ ಅವರೇ ಎಂಬಂತೆ ಮೇಲಕ್ಕೆ ತೋರಿಸಿದಳು. ಮಗಳು ಊದಿದ ಮುಖವೆತ್ತಿ ನಕ್ಕು, ಪುಸ್ತಕ ಹಿಡಿದ ಕೈಯನ್ನೇ ಬೀಸಿದಳು.