ಓಮಿನ್ ಅನ್ನೋ ತನಕ

ಮೀರಿಮ್ ಕೊನೆಯ ಸಂಖ್ಯೆ ಟೈಪ್ ಮಾಡಿ ಎಂಟರ್ ಒತ್ತಿದಳು. ಉತ್ತರ ಬರಲಿಲ್ಲ. ಮತ್ತೆ ಒತ್ತಿದಳು. ಕರ್ಸರ್ ಒಂದು ಸಾಲು ಕೆಳಗಿಳಿದು ಅಲ್ಲೇ ಮಿಟುಕುತ್ತಾ ನಿಂತಿತು. ಬಿಶ್ಕೆಕ್‌ನ ಪ್ರೋಗ್ರಾಮಿಂಗ್ ಸ್ಪರ್ಧೆ ಮುಗಿಯಲು ಆರೇ ನಿಮಿಷವಿತ್ತು. ಈ ಪ್ರೋಗ್ರಾಮ್ ಓಡಿದರೆ ಮಾತ್ರ ಅವಳ ಮತ್ತು ಬೆಗಿಮಾಯ್‌ಳ ತಂಡ ಫೈನಲ್‌ಗೆ.

"ಎಲ್ಲೋ ಸುತ್ತಿ ಸುತ್ತಿ ಸಿಕ್ಕಾಕೊಂಡಿದೆ ಕಣೇ. ಎಲ್ಲಾ ಅಳಿಸಿ ಹೊಸದಾಗಿ ಬರೀತೀನಿ." ಅಷ್ಟಕ್ಕೆ ಆರು ನಿಮಿಷ ಸಾಲದೆಂದು ಅವಳಿಗೇ ಗೊತ್ತಿತ್ತು. ಆದರೂ ಅಳಿಸುವ ಕೀಲಿಯತ್ತ ಕೈ ಚಾಚಿದಳು.

ಜೊತೆಗಾತಿ ಬೆಗಿಮಾಯ್ ಆ ಕೈಯನ್ನು ಗಟ್ಟಿಯಾಗಿ ಹಿಡಿದಳು. "ತಡಿ ಎಜೆ, ತಡಿ ಅಕ್ಕಾ! ಬಂದ ಸಂಖ್ಯೆನೆಲ್ಲ ಕೂಡ್ತಾ ಹೋಗು, ಮುಗಿದ ಮೇಲೆ ಮೊತ್ತ ಹೇಳು ಅಂತ ತಾನೆ ಬರೆದಿರೋದು? ಮುಗೀತು ಅಂತ ಅದಕ್ಕೆ ಯಾರು ಹೇಳಿದ್ರು? ನಮ್ಮಜ್ಜ ಪ್ರಾರ್ಥನೆ ಮಾಡಿ, ಮುಖ ಸವರ್ಕೊಂಡು ಓಮಿನ್ ಅನ್ನೋ ತನಕ ಊಟದಿಂದ ಯಾರಾದ್ರೂ ಏಳ್ತಾರಾ? ನೀನು ಎಂಟರ್ ಒತ್ತಿದಾಗೆಲ್ಲ ಇನ್ನೊಂದು ಬಟ್ಟಲು ಚಹಾ ಬರುತ್ತೆ ಅಂತ ಪಾಪ, ಕಾಯ್ತಾ ಕೂತಿದೆ!"

ಸಂಖ್ಯೆಗಳು ಮುಗಿದವೆಂದು ಪ್ರೋಗ್ರಾಮ್‌ಗೆ ತಿಳಿಸಲು ಮೀರಿಮ್ ಕಂಟ್ರೋಲ್ ಕೀಲಿಯನ್ನೂ ಡಿ ಅಕ್ಷರವನ್ನೂ ಒಟ್ಟಿಗೆ ಒತ್ತಿದಳು. ಪರದೆ ನೋಡಲು ಧೈರ್ಯ ಸಾಲದೆ ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡು, ಮೆಲ್ಲಗೆ ಕೆಳಗೆ ಸವರುತ್ತಾ "ಓಮಿನ್" ಎಂದಳು. ಕೈ ಗಲ್ಲದವರೆಗೆ ಇಳಿಯುವಷ್ಟರಲ್ಲಿ ಮೊತ್ತ ಬಂದು ಕೂತಿತ್ತು.